ಕಾರ್ ಶೆಡ್ಡಿನ ಅಟ್ಟ ಬಾಗಿದೆಯೇ, ಅಲುಗುತ್ತಿದೆಯೇ? ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಕಾರ್ ನಿಲ್ಲಿಸುವ ಜಾಗದಲ್ಲಿ ತಲೆಯ ಮೇಲೆ ಸುಮ್ನೆ ಖಾಲಿ ಬಿದ್ದಿರುವ ಜಾಗ ಕಂಡರೆ ಒಂದು ಅಟ್ಟ ಹಾಕಿಸೋಣ ಅನಿಸುವುದು ಸಹಜ. ಮನೆ ಕಟ್ಟಿದಾಗ ಉಳಿದ ಟೈಲ್ಸು, ಮಕ್ಕಳ ಹಳೆಯ ಸೈಕಲ್ಲು, ದಸರಾ ಗೊಂಬೆಗಳ ಪೆಟ್ಟಿಗೆ, ಬಳಸದಿದ್ದರೂ ಬಿಸಾಡಲು ಮನಸ್ಸಾಗದ ಗ್ರೈಂಡರು, ಎಲ್ಲವೂ ಅಲ್ಲಿಗೇ ಹೋಗುತ್ತವೆ. ಹಾಕಿಸುವಾಗ ಫ್ಯಾಬ್ರಿಕೇಟರ್ ಹತ್ತಿರ "ಹಗುರ ಸಾಮಾನಷ್ಟೇ ಇಡೋದು" ಅಂತ ಹೇಳಿರುತ್ತೇವೆ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಮಾತು ಇಬ್ಬರಿಗೂ ಮರೆತಿರುತ್ತದೆ.

ಅಟ್ಟದ ತೊಂದರೆಗಳಲ್ಲಿ ಎರಡು ಬಗೆ. ಒಂದು, ಹಲಗೆಯೋ ಕಬ್ಬಿಣವೋ ಬಾಗುವುದು. ಇನ್ನೊಂದು, ಗೋಡೆಗೋ ಸ್ಲ್ಯಾಬಿಗೋ ಹಿಡಿದ ಬೋಲ್ಟು ಹಿಡಿತ ಬಿಡುವುದು. ಬಾಗುವುದು ನಿಧಾನ, ಕಣ್ಣಿಗೂ ಕಾಣುತ್ತದೆ. ಹಿಡಿತ ಬಿಡುವುದು ಹೆಚ್ಚಾಗಿ ಕಾಣುವುದಿಲ್ಲ, ಬಿಟ್ಟಾಗ ಇಡೀ ಮೂಲೆ ಒಂದೇ ಸಲಕ್ಕೆ ಕೆಳಗೆ ಬರುತ್ತದೆ. ಜನ ಹೆದರುವುದು ಮೊದಲನೆಯದಕ್ಕೆ. ಹೆದರಬೇಕಾದದ್ದು ಎರಡನೆಯದಕ್ಕೆ. ಹಾಗಾಗಿ ಕೆಳಗಿನ ಯಾವ ಲಕ್ಷಣ ಕಂಡರೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಈ ಭಾರ ಕೊನೆಗೆ ಯಾವುದರ ಮೇಲೆ ನಿಂತಿದೆ?

ಏನೇ ಅನುಮಾನ ಬಂದರೂ ಮೊದಲು ಇಷ್ಟು ಮಾಡಿ

ಕಾರು, ಬೈಕು ಹೊರಗೆ ತೆಗೆಯಿರಿ. ಮಕ್ಕಳನ್ನು ಆ ಕಡೆ ಬಿಡಬೇಡಿ. ಅಟ್ಟದ ಮೇಲೆ ಹತ್ತಬೇಡಿ, ಅದರ ಅಂಚಿಗೆ ಏಣಿಯನ್ನೂ ಒರಗಿಸಬೇಡಿ. ತನ್ನಷ್ಟಕ್ಕೆ ನಿಲ್ಲುವ ಎ ಆಕಾರದ ಏಣಿ ಬಳಸಿ, ಕೆಳಗೆ ಒಬ್ಬರು ಹಿಡಿದುಕೊಂಡಿರಲಿ. ಬರೀ ಒರಗಿಸುವ ಏಣಿ ಇದ್ದರೆ ಗಟ್ಟಿ ಗೋಡೆಗೆ ಒರಗಿಸಿ. 4 ಅಡಿ ಎತ್ತರಕ್ಕೆ ಏಣಿಯ ಬುಡ ಗೋಡೆಯಿಂದ 1 ಅಡಿ ದೂರ ಇರಬೇಕು.

ಸಾಮಾನು ಇಳಿಸುವುದಕ್ಕೂ ಒಂದು ಕ್ರಮ ಇದೆ. ಗೋಡೆಯಿಂದ ಚಾಚಿಕೊಂಡಿರುವ ಅಟ್ಟವಾದರೆ ಹೊರ ಅಂಚಿನಲ್ಲಿರುವುದನ್ನು ಮೊದಲು ಇಳಿಸಿ. ನಾಲ್ಕು ಮೂಲೆಗೆ ರಾಡಿನಲ್ಲಿ ನೇತು ಹಾಕಿದ ಅಟ್ಟವಾದರೆ ಒಂದೇ ಬದಿ ಖಾಲಿ ಮಾಡಬೇಡಿ, ಎರಡೂ ಕಡೆಯಿಂದ ಸರದಿಯಂತೆ ಇಳಿಸಿ. ಮೂಲೆಯಲ್ಲಿ ಬೋಲ್ಟು ಹೊರಗೆ ಬಂದದ್ದು ಕಣ್ಣಿಗೆ ಕಾಣುತ್ತಿದ್ದರೆ ಇಳಿಸುವ ಕೆಲಸಕ್ಕೂ ನೀವು ಕೈ ಹಾಕಬೇಡಿ. ಸೆಂಟ್ರಿಂಗಿಗೆ ಬಳಸುವ ಕಬ್ಬಿಣದ ಜಾಕಿ ಬಾಡಿಗೆಗೆ ಸಿಗುತ್ತದೆ. ಮೇಸ್ತ್ರಿಯನ್ನು ಕರೆಸಿ, ಹೊರಗಿನ ಕಡೆಯಿಂದ ಜಾಕಿಯ ಆಸರೆ ಕೊಡಿಸಿಕೊಂಡು, ಆಮೇಲೆ ಇಳಿಸಿಸಿ.

ಇಳಿಸುವಾಗಲೇ ತೂಕ ಬರೆದಿಟ್ಟುಕೊಳ್ಳಿ. ಇದಕ್ಕೆ ಕಾಸು ಖರ್ಚಿಲ್ಲ, ಅರ್ಧ ಕಾರಣ ಇಲ್ಲೇ ಸಿಗುತ್ತದೆ. ಕಣ್ಣಂದಾಜು ಇಲ್ಲಿ ತುಂಬಾ ಮೋಸ ಮಾಡುತ್ತದೆ. ಎರಡು ಅಡಿಯ ಟೈಲ್ಸಿನ ಒಂದು ಬಾಕ್ಸ್ 25ರಿಂದ 30 ಕೆಜಿ ತೂಗುತ್ತದೆ. ಒಂದು ರಟ್ಟಿನ ಪೆಟ್ಟಿಗೆ ತುಂಬ ಪುಸ್ತಕ ಅಂದರೆ ಸುಲಭವಾಗಿ 25 ಕೆಜಿ. 20 ಮಿ.ಮೀ. ದಪ್ಪದ ಗ್ರಾನೈಟ್ ಚದರ ಅಡಿಗೆ 5 ಕೆಜಿ. 20 ಲೀಟರ್ ನೀರಿನ ಕ್ಯಾನ್ 20 ಕೆಜಿ. ಮಲೆನಾಡಿನ ಕಡೆಯವರಿಗೆ ಗೊತ್ತೇ ಇದೆ, ಭರ್ತಿಯಾದ ಒಣ ಅಡಿಕೆ ಚೀಲ 60 ಕೆಜಿ ಮೀರುತ್ತದೆ. ಹಾಸಿರುವ 8x4 ಅಡಿಯ 19 ಮಿ.ಮೀ. ಪ್ಲೈವುಡ್ಡೇ 37 ಕೆಜಿ ಆಸುಪಾಸು ಇರುತ್ತದೆ.

ಒಂದು ಲೆಕ್ಕ ನೋಡಿ. 8x4 ಅಡಿಯ ಅಟ್ಟ. ಪುಸ್ತಕದ 4 ಪೆಟ್ಟಿಗೆ 100 ಕೆಜಿ, ಟೈಲ್ಸ್ 3 ಬಾಕ್ಸ್ 84, ರಿಮ್ ಸಮೇತ ಎರಡು ಹಳೆ ಟೈರು 30. ಹಲಗೆ 37, ಒಂದೂವರೆ ಇಂಚಿನ ಚೌಕ ಪೈಪಿನ ಚೌಕಟ್ಟು 25. ಏನೋ ತೆಗೆಯಲು ಮೇಲೆ ಹತ್ತಿದ ಮನುಷ್ಯ 70. ಒಟ್ಟು 346 ಕೆಜಿ. "ಹಗುರ ಸಾಮಾನಷ್ಟೇ" ಅಂದಿದ್ದೆವಲ್ಲ! ನಾಲ್ಕು ಮೂಲೆಗೆ ಹಂಚಿದರೆ ತಲಾ 86 ಕೆಜಿ ಅನಿಸಬಹುದು. ಆದರೆ ಸಾಮಾನು ಯಾವತ್ತೂ ಸಮನಾಗಿ ಕೂರುವುದಿಲ್ಲ. ಏಣಿ ಇಡುವ ಮೂಲೆಯ ಹತ್ತಿರವೇ ಭಾರದ್ದೆಲ್ಲ ಗುಡ್ಡೆ ಬಿದ್ದಿರುತ್ತದೆ.

ಲಕ್ಷಣ: ಮಧ್ಯೆ ಜೋತು ಬಿದ್ದಿದೆ

ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಇದು. ಇದನ್ನು ಅಳೆಯಲು ಒಂದು ನೂಲು ಸಾಕು. ಚೌಕಟ್ಟಿನ ಉದ್ದದ ಪೈಪಿನ ಕೆಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೂಲು ಬಿಗಿಯಾಗಿ ಎಳೆದು ಕಟ್ಟಿ. ಪೈಪು ಬಾಗಿದ್ದರೆ ಮಧ್ಯದಲ್ಲಿ ನೂಲನ್ನು ಕೆಳಗೆ ತಳ್ಳುತ್ತದೆ. ಆದ್ದರಿಂದ ಎರಡೂ ತುದಿಗೆ ಒಂದೇ ದಪ್ಪದ ಮರದ ಚೂರು ಇಟ್ಟು, ಅದರ ಕೆಳಗಿನಿಂದ ನೂಲು ಎಳೆಯಿರಿ. ತುದಿಯಲ್ಲಿ ಎಷ್ಟು ಸಂದು, ಮಧ್ಯದಲ್ಲಿ ಎಷ್ಟು ಸಂದು ಅಂತ ಅಳೆದು ವ್ಯತ್ಯಾಸ ನೋಡಿ.

ಒಂದು ಅಂದಾಜು ಹೇಳುತ್ತೇನೆ: ಉದ್ದವನ್ನು 300ರಿಂದ ಭಾಗಿಸಿ. 8 ಅಡಿ, ಅಂದರೆ 2440 ಮಿ.ಮೀ. ಉದ್ದದ ಪೈಪಿಗೆ 8 ಮಿ.ಮೀ. ಅಷ್ಟರೊಳಗೆ ಬಾಗಿದ್ದರೆ ಅದು ಕಬ್ಬಿಣದ ಗುಣ, ಗಾಬರಿ ಬೇಡ. ಅದಕ್ಕಿಂತ ಜಾಸ್ತಿ ಇದ್ದರೆ ಮುಂದಿನ ಪರೀಕ್ಷೆ ಮಾಡಿ.

ಅಟ್ಟ ಪೂರ್ತಿ ಖಾಲಿ ಮಾಡಿ, ಒಂದು ದಿನ ಬಿಟ್ಟು, ಮತ್ತೆ ಅಳೆಯಿರಿ. ಬಾಗು ಹೋಗಿ ಪೈಪು ನೆಟ್ಟಗಾಯಿತೇ? ಹಾಗಾದರೆ ಕಬ್ಬಿಣಕ್ಕೆ ಏನೂ ಆಗಿಲ್ಲ, ಭಾರ ಜಾಸ್ತಿಯಾಗಿದೆ ಅಥವಾ ಆಸರೆ ಕಮ್ಮಿ ಇದೆ. ಖಾಲಿ ಇದ್ದರೂ ಬಾಗಿಯೇ ಉಳಿದಿದೆಯೇ? ಆ ಪೈಪು ತನ್ನ ಮಿತಿ ದಾಟಿದೆ. ಅದನ್ನು ಬಡಿದು ನೆಟ್ಟಗೆ ಮಾಡಿ ಮತ್ತೆ ಹಾಕಿಸಬೇಡಿ, ಬದಲಾಯಿಸಿ.

ಪೈಪು ನೆಟ್ಟಗಿದ್ದು ಹಲಗೆ ಮಾತ್ರ ಪೈಪುಗಳ ನಡುವೆ ಜೋತಿದ್ದರೆ ಕಾರಣ ಬೇರೆ. ಮರದ ಹಲಗೆಗಳು ಒಂದೇ ಭಾರ ತಿಂಗಳುಗಟ್ಟಲೆ ಹೊತ್ತರೆ ನಿಧಾನಕ್ಕೆ ಇನ್ನಷ್ಟು ಬಾಗುತ್ತವೆ. ಮರದ ಹೊಟ್ಟನ್ನು ಅಂಟಿಸಿ ಮಾಡಿದ ಪಾರ್ಟಿಕಲ್ ಬೋರ್ಡು ಈ ವಿಷಯದಲ್ಲಿ ತೀರಾ ಕೆಟ್ಟದ್ದು, ಅಟ್ಟಕ್ಕೆ ಅದು ಬೇಡವೇ ಬೇಡ. ಪ್ಲೈವುಡ್ಡಾದರೆ ಅದರ ಮೇಲ್ಮೈಯ ಎಳೆ ಯಾವ ಕಡೆಗಿದೆ ನೋಡಿ. ಎಳೆ ಅಡ್ಡ ಪೈಪುಗಳನ್ನು ದಾಟಿಕೊಂಡು ಹೋಗಬೇಕು. 8 ಅಡಿ ಉದ್ದದ ಹಾಳೆಗೆ 4 ಅಡಿಯ ಅಡ್ಡ ಪೈಪುಗಳು ಎರಡೆರಡು ಅಡಿಗೆ ಒಂದರಂತೆ ಐದು ಇದ್ದರೆ ಸರಿ. ಪೈಪುಗಳು ಎಳೆಯ ಜೊತೆಜೊತೆಗೇ ಉದ್ದಕ್ಕೆ ಓಡಿದ್ದರೆ ಹಲಗೆ ತನ್ನ ದುರ್ಬಲ ದಿಕ್ಕಿನಲ್ಲಿ ಭಾರ ಹೊರುತ್ತಿದೆ. ಅಡ್ಡಕ್ಕೆ ಇನ್ನೆರಡು ಪೈಪು ಸೇರಿಸಿದರೆ ಸರಿಹೋಗುತ್ತದೆ.

ಇನ್ನೂ ಒಂದು ಸಣ್ಣ ವಿಷಯ. ಚೌಕವಲ್ಲದ ಪೈಪು ಬಳಸಿದ್ದರೆ ಅದು ಮಲಗಿದೆಯೋ ನಿಂತಿದೆಯೋ ನೋಡಿ. 2 ಇಂಚು, 1 ಇಂಚಿನ ಪೈಪು ನಿಂತಿದ್ದರೆ ಮಲಗಿದ್ದಕ್ಕಿಂತ ಸುಮಾರು 3 ಪಟ್ಟು ಬಿಗಿ. ನೋಡಲು ಅಂದ ಅಂತ ಮಲಗಿಸಿ ಹಾಕುವವರು ಇದ್ದಾರೆ.

ಪರಿಹಾರಕ್ಕೆ ದಪ್ಪ ಪೈಪು ತರುವ ಮುಂಚೆ ಮಧ್ಯೆ ಒಂದು ಆಸರೆ ಕೊಡಲು ಜಾಗ ಇದೆಯೇ ಯೋಚಿಸಿ. ಅಷ್ಟೇ ಭಾರವನ್ನು ಎರಡು ಪಟ್ಟು ಉದ್ದದ ಪೈಪು ಹೊತ್ತರೆ 8 ಪಟ್ಟು ಬಾಗುತ್ತದೆ. ಅಂದರೆ ಉದ್ದ ಕಡಿಮೆ ಮಾಡುವುದರಲ್ಲಿ ಸಿಗುವ ಲಾಭ ದಪ್ಪ ಹೆಚ್ಚಿಸುವುದರಲ್ಲಿ ಸಿಗುವುದಿಲ್ಲ.

ಲಕ್ಷಣ: ಬೋಲ್ಟಿನ ಸುತ್ತ ಪುಡಿ ಬೀಳುತ್ತಿದೆ, ಪ್ಲೇಟು ಗೋಡೆ ಬಿಟ್ಟಿದೆ

ಕಾರಿನ ಬಾನೆಟ್ ಮೇಲೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಿಮೆಂಟು ಪುಡಿ ಬಿದ್ದಿದ್ದರೆ ತಲೆ ಎತ್ತಿ ನೋಡಿ. ಅಲ್ಲಿ ಒಂದು ಬೋಲ್ಟು ಇರುತ್ತದೆ. ಇದು ಜೋತು ಬೀಳುವುದಕ್ಕಿಂತ ಗಂಭೀರ. ಇಲ್ಲಿ "ಇನ್ನೂ ಸ್ವಲ್ಪ ದಿನ ನೋಡೋಣ" ಅನ್ನುವುದು ಬೇಡ. ಅಟ್ಟ ಖಾಲಿ ಮಾಡಿ.

ಖಾಲಿಯಾದ ಮೇಲೆ ಪರೀಕ್ಷೆ. ಒಂದು ಎಟಿಎಂ ಕಾರ್ಡನ್ನು ಪ್ಲೇಟು ಮತ್ತು ಗೋಡೆಯ ನಡುವೆ ತೂರಿಸಿ ನೋಡಿ. ಅದರ ದಪ್ಪ 0.76 ಮಿ.ಮೀ. ಒಳಗೆ ಹೋದರೆ ಪ್ಲೇಟು ಗೋಡೆಗೆ ಕೂತಿಲ್ಲ. ಮುಖ್ಯವಾಗಿ ಮೇಲಿನ ಬೋಲ್ಟಿನ ಕಡೆ ನೋಡಿ. ಬ್ರಾಕೆಟ್ಟಿನ ಮೇಲಿನ ಬೋಲ್ಟು ಗೋಡೆಯಿಂದ ಕಿತ್ತುಕೊಳ್ಳುವ ಎಳೆತ ತಡೆಯುತ್ತದೆ, ಕೆಳಭಾಗ ಗೋಡೆಯನ್ನು ಒತ್ತುತ್ತದೆ. ಹಾಗಾಗಿ ಸಂದು ಬಿಡುವುದು ಮೇಲ್ಗಡೆಯೇ.

ಈ ಎಳೆತ ಎಷ್ಟು ಅಂತ ತಿಳಿದರೆ ಆಶ್ಚರ್ಯವಾಗುತ್ತದೆ. ಬ್ರಾಕೆಟ್ಟು ಗೋಡೆಯಿಂದ 2 ಅಡಿ ಚಾಚಿದೆ, ಗೋಡೆಗೆ ಅಂಟಿಕೊಂಡ ಭಾಗದ ಎತ್ತರ 1 ಅಡಿ ಅಂದುಕೊಳ್ಳಿ. ಅಂಚಿನಲ್ಲಿ 50 ಕೆಜಿ ಇಟ್ಟರೆ ಮೇಲಿನ ಬೋಲ್ಟನ್ನು ಹೊರಗೆಳೆಯುವ ಬಲ ಸುಮಾರು 100 ಕೆಜಿ. ಅದೇ ಬ್ರಾಕೆಟ್ಟಿನ ಎತ್ತರ ಅರ್ಧ ಅಡಿ ಮಾತ್ರ ಇದ್ದರೆ 200 ಕೆಜಿ. ಅದೇ 50 ಕೆಜಿಯನ್ನು ಗೋಡೆಯ ಬುಡದಲ್ಲಿ, ಅರ್ಧ ಅಡಿ ದೂರದಲ್ಲಿ ಇಟ್ಟರೆ 1 ಅಡಿಯ ಬ್ರಾಕೆಟ್ಟಿಗೆ ಬರೀ 25 ಕೆಜಿ. ಭಾರದ ಸಾಮಾನು ಗೋಡೆಗೆ ಒತ್ತಿ ಇಡಿ ಅನ್ನುವುದು ಇದಕ್ಕೇ.

ಮುಂದಿನದು ಸ್ಪ್ಯಾನರ್ ಪರೀಕ್ಷೆ. ನಟ್ಟು ಮೆಲ್ಲಗೆ ಬಿಗಿ ಮಾಡಿ. ಕಾಲು ಸುತ್ತು ತಿರುಗಿ ಗಟ್ಟಿಯಾಯಿತೋ, ಬರೀ ನಟ್ಟು ಸಡಿಲ ಇತ್ತು. ಸ್ಪ್ರಿಂಗ್ ವಾಷರ್ ಹಾಕಿ ಅಥವಾ ಎರಡನೇ ನಟ್ಟು ಸೇರಿಸಿ. ನಟ್ಟಿನ ಜೊತೆ ಬೋಲ್ಟೂ ಸುತ್ತುತ್ತಿದೆಯೋ, ಅಥವಾ ಬಿಗಿ ಮಾಡಿದಷ್ಟೂ ಬೋಲ್ಟು ಹೊರಗೇ ಬರುತ್ತಿದೆಯೋ, ಅಲ್ಲಿಗೆ ನಿಲ್ಲಿಸಿ. ಆ ತೂತಿನಲ್ಲಿ ಹಿಡಿತವೇ ಇಲ್ಲ. ಅದೇ ತೂತಿಗೆ ಇನ್ನೂ ದಪ್ಪ ಬೋಲ್ಟು ಬಡಿಯುವುದು ನಮ್ಮಲ್ಲಿ ತುಂಬಾ ಕಾಣುವ ರಿಪೇರಿ. ದಯವಿಟ್ಟು ಒಪ್ಪಬೇಡಿ. ಒಡೆದ ತೂತಿನ ಸುತ್ತಲ ಗೋಡೆಯೂ ಒಳಗೆ ಒಡೆದಿರುತ್ತದೆ.

ಹಿಡಿತ ಯಾಕೆ ಬಿಟ್ಟಿತು ಅನ್ನುವುದಕ್ಕೆ ಗೋಡೆ ಯಾವುದರದ್ದು ಅಂತ ಗೊತ್ತಾಗಬೇಕು. ಡ್ರಿಲ್ ಮಾಡುವಾಗ ಬರುವ ಪುಡಿಯೇ ಅದನ್ನು ಹೇಳುತ್ತದೆ. ಮೊದಲ 12ರಿಂದ 20 ಮಿ.ಮೀ. ಬರುವುದು ಪ್ಲಾಸ್ಟರಿನ ಪುಡಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಬಣ್ಣದ ಗಟ್ಟಿ ಪುಡಿ, ಡ್ರಿಲ್ಲು ಕಷ್ಟಪಟ್ಟು ಹೋಗುತ್ತಿದ್ದರೆ ಕಾಂಕ್ರೀಟು ಅಥವಾ ಸಾಲಿಡ್ ಬ್ಲಾಕು. ಬಿಳಿ ಬಿಳಿ ಹಗುರ ಪುಡಿ, ಡ್ರಿಲ್ಲು ಬೆಣ್ಣೆಯಲ್ಲಿ ಹೋದಂತೆ ಹೋದರೆ ಎಎಸಿ ಬ್ಲಾಕು, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಬ್ಲಾಕು. ಸ್ವಲ್ಪ ದೂರ ಹೋಗಿ ಡ್ರಿಲ್ಲು ತಟ್ಟನೆ ಒಳಗೆ ಜಾರಿದರೆ ಹಾಲೋ ಬ್ಲಾಕು.

ಮಾಮೂಲಿ ಆಂಕರ್ ಬೋಲ್ಟು ಕೆಲಸ ಮಾಡುವುದು ಹಿಗ್ಗಿ, ಸುತ್ತಲಿನ ಗಟ್ಟಿ ವಸ್ತುವನ್ನು ಒತ್ತಿ ಹಿಡಿದು. ಅದು ಕಾಂಕ್ರೀಟಿಗೆ ಅಂತಲೇ ಮಾಡಿದ್ದು. ಹಾಲೋ ಬ್ಲಾಕಿನಲ್ಲಿ ಅದು ಹಿಗ್ಗಿದರೂ ಒತ್ತಲು ಅಲ್ಲಿ ಏನೂ ಇಲ್ಲ. ಎಎಸಿಯಲ್ಲಿ ಬ್ಲಾಕೇ ಪುಡಿಯಾಗುತ್ತದೆ. ಇಟ್ಟಿಗೆ ಗೋಡೆಯಲ್ಲಿ ಗಾರೆಯ ಸಂದಿಗೆ ಬಿದ್ದರೆ ಹಿಡಿತ ಸಿಗುವುದಿಲ್ಲ. ಕರಾವಳಿಯ ಕೆಂಪು ಕಲ್ಲಿನ ಗೋಡೆಯಲ್ಲಿ ಒಳಗೆಲ್ಲ ತೂತು ತೂತು, ಒಂದು ಕಲ್ಲು ಗಟ್ಟಿ ಇದ್ದರೆ ಪಕ್ಕದ್ದು ಮೆದು. ಅಲ್ಲಿ ಆಂಕರ್ ಬೋಲ್ಟಿನ ಮೇಲೆ ಮಾತ್ರ ಅಟ್ಟ ನಿಲ್ಲಿಸುವುದು ಜೂಜು.

ಇಂಥ ಗೋಡೆಗಳಲ್ಲಿ ಇರುವ ದಾರಿಗಳು ಕೆಲವೇ. ಗೋಡೆಯನ್ನು ಪೂರ್ತಿ ತೂರಿ ಹೋಗುವ ಉದ್ದ ಬೋಲ್ಟು ಹಾಕಿ, ಆಚೆ ಕಡೆ ಅಗಲ ಪ್ಲೇಟು ಕೊಡಬಹುದು. ತೂತಿಗೆ ಜಾಲರಿ ತೋಳು ಹಾಕಿ ಕೆಮಿಕಲ್ ಆಂಕರ್, ಅಂದರೆ ಅಂಟಿನಿಂದ ಹಿಡಿಯುವ ಬೋಲ್ಟು, ಕೂರಿಸಬಹುದು, ಆದರೆ ಅದರಲ್ಲಿ ತೂತಿನ ಧೂಳು ಪೂರ್ತಿ ಊದಿ, ಬ್ರಶ್ ಮಾಡಿ ತೆಗೆಯದಿದ್ದರೆ ಅಂಟು ಹಿಡಿಯುವುದು ಧೂಳನ್ನೇ. ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ: ಗೋಡೆಯನ್ನು ನಂಬುವುದನ್ನೇ ಬಿಟ್ಟು, ನೆಲದಿಂದ ಕಂಬ ಕೊಡುವುದು. ನಾಲ್ಕು ಮೂಲೆಗೆ ನಾಲ್ಕು ಪೈಪು, ಕೆಳಗೆ ಪ್ಲೇಟು. ಭಾರ ನೇರವಾಗಿ ನೆಲಕ್ಕೆ. ಗೋಡೆಯ ಬೋಲ್ಟು ಆಗ ಅಲುಗದಂತೆ ಹಿಡಿದರೆ ಸಾಕು. ಜಾಗ ಸ್ವಲ್ಪ ಹೋಗುತ್ತದೆ ನಿಜ. ಇಂಟರ್‌ಲಾಕ್ ಹಾಸಿದ ನೆಲವಾದರೆ ಕಂಬದ ಕೆಳಗಿನ ಬಿಲ್ಲೆ ತೆಗೆದು ಕಾಂಕ್ರೀಟ್ ಹಾಕಿಸಿ, ಇಲ್ಲದಿದ್ದರೆ ಕಂಬ ಇಳಿಯುತ್ತದೆ.

ಕಾಂಪೌಂಡ್ ಗೋಡೆಗೆ ಅಟ್ಟ ಸಿಕ್ಕಿಸಿದ್ದರೆ ಪರೀಕ್ಷೆಯೇ ಬೇಡ, ತೆಗೆಸಿ. 4 ಇಂಚಿನ ಆ ಗೋಡೆ ತಾನು ನಿಂತಿದ್ದರೆ ಸಾಕು ಅಂತ ಕಟ್ಟಿದ್ದು. ಅದು ಪಕ್ಕದ ಮನೆಯವರದ್ದೂ ಆಗಿದ್ದರೆ ಇನ್ನೊಂದು ತಲೆನೋವು ಬೇರೆ.

ಲಕ್ಷಣ: ಸದ್ದು ಬರುತ್ತಿದೆ

ಎಲ್ಲ ಸದ್ದೂ ಅಪಾಯವಲ್ಲ. ಯಾವಾಗ ಬರುತ್ತದೆ ಅನ್ನುವುದು ಮುಖ್ಯ.

ಮಧ್ಯಾಹ್ನ, ಸಂಜೆ ಹೊತ್ತಿಗೆ "ಟಕ್, ಟಕ್" ಅಂತ ಬಂದು ನಿಂತರೆ ಅದು ಬಿಸಿಲಿನ ಕೆಲಸ. 3 ಮೀಟರ್ ಕಬ್ಬಿಣ 20 ಡಿಗ್ರಿ ಬಿಸಿಯಾದರೆ ಸುಮಾರು 0.7 ಮಿ.ಮೀ. ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಶೀಟ್ ಹೊದಿಸಿದ ಶೆಡ್ಡಿನಲ್ಲಿ ಇದು ಜಾಸ್ತಿ. ಸಾಮಾನು ಇಡುವಾಗ, ತೆಗೆಯುವಾಗ ಕಿರ್ ಎಂದರೆ ಹಲಗೆಯ ಸ್ಕ್ರೂ ಸಡಿಲ ಅಥವಾ ಎರಡು ಹಲಗೆಗಳ ಅಂಚು ಉಜ್ಜುತ್ತಿದೆ. ಸ್ಕ್ರೂ ಬಿಗಿ ಮಾಡಿ. ಆ ಸ್ಕ್ರೂಗಳು ಜಿಪ್ಸಮ್ ಸೀಲಿಂಗಿಗೆ ಹಾಕುವ ಕಪ್ಪು ಸ್ಕ್ರೂಗಳೇ ನೋಡಿ. ಅವು ಗಟ್ಟಿ ಆದರೆ ಬಾಗುವುದಿಲ್ಲ, ಪಟ್ ಅಂತ ತುಂಡಾಗುತ್ತವೆ. ಭಾರ ಹೊರುವ ಜಾಗದಲ್ಲಿ ಅವು ಬೇಡ.

ಯಾರೂ ಮುಟ್ಟದೆ, ರಾತ್ರಿ ಹಗಲು ಅಂತಿಲ್ಲದೆ ಆಗಾಗ ಬರುವ ಒಡೆದಂಥ ಸದ್ದು ಬೇರೆ. ಭಾರ ಇನ್ನೂ ಜಾಗ ಬದಲಿಸುತ್ತಿದೆ ಅಂತ ಅದರ ಅರ್ಥ. ಖಾಲಿ ಮಾಡಿ ವೆಲ್ಡಿಂಗ್ ನೋಡಿ. ಮೊಬೈಲ್ ಟಾರ್ಚು ಪಕ್ಕದಿಂದ ಹಿಡಿದರೆ ಪೇಂಟಿನಲ್ಲಿ ಕೂದಲೆಳೆಯ ಗೆರೆ, ಆ ಗೆರೆಯಲ್ಲಿ ಕಂದು ಬಣ್ಣ ಕಂಡರೆ ಒಳಗೆ ವೆಲ್ಡು ಬಿಟ್ಟಿದೆ. ಕೆಲವು ಕಡೆ ಪೈಪು ಜೋಡಿಸಿ ಹಿಡಿಯಲು ಹಾಕಿದ ಚುಕ್ಕಿ ವೆಲ್ಡು ಹಾಗೇ ಉಳಿದಿರುತ್ತದೆ, ಪೂರ್ತಿ ವೆಲ್ಡು ಮಾಡಿಯೇ ಇರುವುದಿಲ್ಲ. ಮೇಲೆ ಪುಟ್ಟಿ, ಪೇಂಟು. ಪ್ರತಿ ಜೋಡಣೆಯ ಸುತ್ತಲೂ ಬೆರಳಾಡಿಸಿ ನೋಡಿ, ಒಂದು ಬದಿಯಲ್ಲಿ ಉಬ್ಬೇ ಇಲ್ಲದಿದ್ದರೆ ಅನುಮಾನ ಪಡಿ.

ಲಕ್ಷಣ: ಕೈಯಿಂದ ತಳ್ಳಿದರೆ ತೂಗಾಡುತ್ತದೆ

ಖಾಲಿ ಅಟ್ಟವನ್ನು ನೆಲದ ಮೇಲೆ ನಿಂತು, ಚೂರೇ ಚೂರು ಪಕ್ಕಕ್ಕೆ ತಳ್ಳಿ. ರಾಡಿನಲ್ಲಿ ನೇತು ಹಾಕಿದ ಅಟ್ಟ ತೂಗಾಡಿದರೆ ಕತ್ತರಿಯಂತೆ ಓರೆಯಾಗಿ ಹಾಕುವ ಪಟ್ಟಿಗಳು ಇಲ್ಲ ಅಂತ ಅರ್ಥ. ಪ್ರತಿ ಸಲ ತೂಗಾಡಿದಾಗಲೂ ರಾಡಿನ ಬುಡ, ಸ್ಲ್ಯಾಬಿಗೆ ಕೂತ ಜಾಗದಲ್ಲಿ, ಆಚೀಚೆ ಬಾಗುತ್ತದೆ. ತಂತಿಯನ್ನು ಹಾಗೆ ಬಗ್ಗಿಸಿ ಬಗ್ಗಿಸಿಯೇ ಅಲ್ವಾ ನಾವು ತುಂಡು ಮಾಡುವುದು? ಎರಡು ದಿಕ್ಕಿಗೂ ಓರೆ ಪಟ್ಟಿ ವೆಲ್ಡು ಮಾಡಿಸಿದರೆ, ಅಥವಾ ಒಂದು ಬದಿಯನ್ನು ಗೋಡೆಗೆ ಹಿಡಿಸಿದರೆ ಸಾಕು. ಅಗ್ಗದ ಕೆಲಸ, ಮುಂದೂಡಬೇಡಿ.

ಶೀಟ್ ಶೆಡ್ಡಿನ ಪೈಪುಗಳಿಗೆ ಅಟ್ಟ ನೇತು ಹಾಕಿದವರು ಒಂದು ವಿಚಿತ್ರ ಲಕ್ಷಣ ನೋಡುತ್ತಾರೆ: ಅಟ್ಟ ಚೆನ್ನಾಗಿದೆ, ಆದರೆ ಮೊದಲಿಲ್ಲದ ಕಡೆ ಶೀಟು ಸೋರುತ್ತಿದೆ. ಅಟ್ಟದ ಭಾರಕ್ಕೆ ಪೈಪು ಇಳಿದು, ಶೀಟಿನ ಸ್ಕ್ರೂ ತೂತು ಅಗಲವಾಗಿದೆ. ಸೀಲೆಂಟ್ ಬಳಿದು ಪ್ರಯೋಜನ ಇಲ್ಲ. ಆ ಪೈಪುಗಳನ್ನು ಶೀಟಿನ ಭಾರ, ಗಾಳಿಯ ಎಳೆತ ತಡೆಯಲು ಹಾಕಿರುತ್ತಾರೆ, ನಿಮ್ಮ ಗ್ರಾನೈಟಿಗಲ್ಲ. ಅಟ್ಟಕ್ಕೆ ಬೇರೆಯೇ ಕಂಬ ಕೊಡಿ.

ಲಕ್ಷಣ: ಕಾಂಕ್ರೀಟ್ ಅಟ್ಟದಲ್ಲಿ, ಕಡಪ ಕಲ್ಲಿನಲ್ಲಿ, ಗೋಡೆಯಲ್ಲಿ ಬಿರುಕು

ಕಡಪ ಕಲ್ಲಿನ ಅಟ್ಟಕ್ಕೆ ಬಾಗುವ ಅಭ್ಯಾಸವಿಲ್ಲ. ಬಿರುಕು ಬಿಟ್ಟರೆ ಮುಂದಿನ ಹೆಜ್ಜೆ ಎರಡು ತುಂಡು. ಎಷ್ಟೇ ಸಣ್ಣ ಬಿರುಕಾದರೂ ಕಲ್ಲು ಬದಲಾಯಿಸಿ, ಅಂಟು ಹಾಕಿ ಉಳಿಸಿಕೊಳ್ಳಬೇಡಿ.

ಗೋಡೆಯಿಂದ ಚಾಚಿದ ಕಾಂಕ್ರೀಟ್ ಅಟ್ಟದಲ್ಲಿ ಬಿರುಕು ಎಲ್ಲಿದೆ ಅನ್ನುವುದೇ ಎಲ್ಲ. ಇಂಥ ಅಟ್ಟದ ಮೇಲ್ಭಾಗ ಎಳೆತಕ್ಕೆ ಸಿಗುತ್ತದೆ, ಆದ್ದರಿಂದ ಕಬ್ಬಿಣದ ಸರಳು ಮೇಲ್ಗಡೆ ಇರಬೇಕು. ಕಾಂಕ್ರೀಟ್ ಸುರಿಯುವಾಗ ಯಾರೋ ತುಳಿದು ಸರಳು ಕೆಳಗೆ ಹೋಗಿದ್ದರೆ, ಅಟ್ಟದ ಮೇಲೆ, ಗೋಡೆಯ ಬುಡದ ಉದ್ದಕ್ಕೂ ಒಂದು ಬಿರುಕು ಬರುತ್ತದೆ. ಕೆಳಗೆ ನಿಂತವರಿಗೆ ಇದು ಕಾಣುವುದೇ ಇಲ್ಲ. ಏಣಿ ಹತ್ತಿ, ಮೇಲೆ ಧೂಳು ಗುಡಿಸಿ ನೋಡಬೇಕು. ಆ ಬಿರುಕು ಕಂಡರೆ ಕೆಳಗೆ ಜಾಕಿ ಕೊಡಿಸಿ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಫೋನ್ ಮಾಡಿ. ಇದು ಮೇಸ್ತ್ರಿ ಪ್ಲಾಸ್ಟರ್ ಬಳಿಯುವ ಬಿರುಕಲ್ಲ.

ಗೋಡೆಯ ಪ್ಲಾಸ್ಟರಿನಲ್ಲಿ ಜೇಡರ ಬಲೆಯಂತೆ ಹರಡಿದ ಸಣ್ಣ ಗೆರೆಗಳು ಸಾಮಾನ್ಯವಾಗಿ ಪ್ಲಾಸ್ಟರಿನವು. ಬೋಲ್ಟಿನಿಂದ ಹೊರಟು ಓರೆಯಾಗಿ ಇಳಿಯುವ ಗೆರೆ ಬೇರೆ. ಪೆನ್ಸಿಲ್‌ನಿಂದ ಬಿರುಕಿನ ಎರಡೂ ತುದಿಗೆ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಅಟ್ಟ ಖಾಲಿ ಇದ್ದರೂ ಬಿರುಕು ಗುರುತು ದಾಟಿ ಮುಂದೆ ಹೋದರೆ, ಅಥವಾ ಎಟಿಎಂ ಕಾರ್ಡು ಒಳಗೆ ಹೋಗುವಷ್ಟು ಅಗಲವಾದರೆ ತೊಂದರೆ ಅಟ್ಟದ್ದಷ್ಟೇ ಅಲ್ಲ, ಮನೆಯದ್ದಿರಬಹುದು. ಎಂಜಿನಿಯರ್‌ಗೆ ತೋರಿಸಿ.

ಲಕ್ಷಣ: ತುಕ್ಕು, ಕಂದು ಕಲೆ, ಉಬ್ಬಿದ ಹಲಗೆ

ಮಳೆಗಾಲ ಮುಗಿದ ಮೇಲೆ ಒಮ್ಮೆ ನೋಡುವ ಪರೀಕ್ಷೆ ಇದು. ಉಡುಪಿ, ಮಂಗಳೂರು, ಕಾರವಾರದ ಉಪ್ಪು ಗಾಳಿಯಲ್ಲಿ ಇರುವವರು ವರ್ಷಕ್ಕೆ ಎರಡು ಸಲ ನೋಡಿದರೂ ಜಾಸ್ತಿಯಲ್ಲ.

ಮೇಲಿನ ತುಕ್ಕನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯಿರಿ. ಕೆಳಗೆ ಹೊಳೆಯುವ ಕಬ್ಬಿಣ ಸಿಕ್ಕರೆ ಉಜ್ಜಿ, ಪ್ರೈಮರ್ ಹಚ್ಚಿ, ಪೇಂಟ್ ಮಾಡಿ. ಪದರ ಪದರವಾಗಿ ಏಳುತ್ತಿದ್ದರೆ ಪೇಂಟು ಸಾಲದು. ಪೈಪಿನ ತುದಿ ಮುಚ್ಚದೆ ಬಿಟ್ಟಿದ್ದರೆ ತುಕ್ಕು ಒಳಗಿನಿಂದ ತಿನ್ನುತ್ತಿರುತ್ತದೆ, ಹೊರಗೆ ಪೇಂಟು ಫಳಫಳ ಅಂತಿರುತ್ತದೆ. 1.2 ಮಿ.ಮೀ. ದಪ್ಪದ ಪೈಪಿನಲ್ಲಿ ಅರ್ಧ ಮಿ.ಮೀ. ತುಕ್ಕು ತಿಂದರೆ ನೂರಕ್ಕೆ 40ಕ್ಕಿಂತ ಹೆಚ್ಚು ಕಬ್ಬಿಣ ಹೋಯಿತು. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ. ಸದ್ದು ಒಂದು ಕಡೆ ಮಂಕಾದರೆ, ತಟ್ಟಿದಲ್ಲಿ ತಗ್ಗು ಬಿದ್ದರೆ ಆ ಪೈಪು ಮುಗಿಯಿತು.

ಸ್ಲ್ಯಾಬಿನಲ್ಲಿ ಬೋಲ್ಟಿನ ಸುತ್ತ ಕಂದು ಕಲೆ ಇದ್ದರೆ ನೀರು ಮೇಲಿನಿಂದ ಬರುತ್ತಿದೆ. ಒಳಗಿನ ಸರಳಿಗೆ ತುಕ್ಕು ಹಿಡಿದರೆ ಅದು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ನಿಮ್ಮ ಬೋಲ್ಟು ಹಿಡಿದಿರುವುದು ಆ ಕಾಂಕ್ರೀಟನ್ನೇ. ಕಲೆಯ ಸುತ್ತ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಟ್ಟ ಇಳಿಸಿ, ಮೊದಲು ತಾರಸಿಯ ಸೋರಿಕೆ ಸರಿ ಮಾಡಿಸಿ.

ಹಲಗೆಯ ಅಂಚು ಉಬ್ಬಿದ್ದರೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಒಳಗೆ ಇಳಿದರೆ ಪದರಗಳು ಬಿಟ್ಟಿವೆ. ತೇವದ ಜಾಗಕ್ಕೆ ಐಎಸ್ 710 ಗುರುತಿನ ಪ್ಲೈವುಡ್ಡೇ (ಮರೈನ್ ಪ್ಲೈವುಡ್) ಬೇಕು. ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆ ಹತ್ತಿಕೊಂಡು ಹೋಗಿದ್ದರೆ ಗೆದ್ದಲು, ಹಲಗೆಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆಹುಳು. ಪುಡಿ ಕಂಡ ಕೂಡಲೇ ಬೋಲ್ಟು ಅಂತ ಗಾಬರಿಯಾಗುವ ಮುಂಚೆ ಬೆರಳಲ್ಲಿ ಉಜ್ಜಿ: ಮರದ ಪುಡಿ ನುಣುಪು, ಸಿಮೆಂಟು ಒರಟು.

ಲಕ್ಷಣ: ಚೌಕಟ್ಟು ಮುಟ್ಟಿದರೆ ಜುಮ್ ಅನ್ನುತ್ತದೆ

ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬರುವ ತನಕ ಮುಟ್ಟಬೇಡಿ. ಹೆಚ್ಚಾಗಿ ಬೋಲ್ಟಿನ ತೂತು ಕೊರೆಯುವಾಗ ಒಳಗಿನ ವೈರು ಸುಲಿದಿರುತ್ತದೆ, ಅಥವಾ ಅಟ್ಟದ ಮೇಲೆ ಎಳೆದ ವೈರು ಚೌಕಟ್ಟಿಗೆ ಉಜ್ಜಿ ಸವೆದಿರುತ್ತದೆ. ಹಲಗೆ, ಸಾಮಾನು ಏನನ್ನೂ ನೀವೇ ಸರಿಸಲು ಹೋಗಬೇಡಿ.

ಲಕ್ಷಣ: ಡಿಕ್ಕಿ ಬಾಗಿಲು ತಾಗುತ್ತಿದೆ

ಅಟ್ಟ ಮೊದಲಿನಿಂದಲೂ ತಗ್ಗೇ, ಇಲ್ಲವೇ ಈಚೆಗೆ ಇಳಿದಿದೆಯೇ ಅಂತ ನೋಡಿ. ಹೊಸ ಕಾರು ತಂದ ಮೇಲೆ ತಾಗುತ್ತಿದ್ದರೆ ಕಾರಣ ಕಾರು. ಅದೇ ಹಳೆ ಕಾರಿಗೆ ಈಗ ತಾಗುತ್ತಿದ್ದರೆ ಅಟ್ಟ ಇಳಿದಿದೆ, ಮೇಲಿನ ಪರೀಕ್ಷೆಗಳಿಗೆ ಹಿಂತಿರುಗಿ. ಡಿಕ್ಕಿ ಬಾಗಿಲು ಪದೇ ಪದೇ ಕೆಳಗಿನಿಂದ ಬಡಿಯುವುದೂ ಬೋಲ್ಟುಗಳನ್ನು ಸಡಿಲ ಮಾಡುತ್ತದೆ. ಅಂಚಿಗೆ ಹಳೆ ಟ್ಯೂಬು ಸುತ್ತಿ, ಅಥವಾ ಅಟ್ಟವನ್ನು ಬಾನೆಟ್ ಕಡೆಗೆ ಸರಿಸಿ.

ಮೇಲೆ ಇರಲೇಬಾರದ ಸಾಮಾನು

ಪೆಟ್ರೋಲ್, ಥಿನ್ನರ್, ಗ್ಯಾಸ್ ಸಿಲಿಂಡರ್. ಇನ್ವರ್ಟರ್ ಬ್ಯಾಟರಿ ಕೂಡ. ಅದು 50 ಕೆಜಿ ಮೀರುತ್ತದೆ, ಚಾರ್ಜ್ ಆಗುವಾಗ ಹತ್ತಿ ಉರಿಯುವ ಹೈಡ್ರೋಜನ್ ಬಿಡುತ್ತದೆ, ಆಸಿಡ್ ತೊಟ್ಟಿಕ್ಕಿದರೆ ಚೌಕಟ್ಟನ್ನೂ ತಿನ್ನುತ್ತದೆ.

ಯಾರನ್ನು ಕರೆಯಬೇಕು, ಏನು ಕೇಳಬೇಕು

ನಟ್ಟು ಬಿಗಿ ಮಾಡುವುದು, ಪೇಂಟು, ಹಲಗೆ ಬದಲಿಸುವುದು ನಿಮ್ಮ ಕೈಲೇ ಆಗುತ್ತದೆ. ಚೌಕಟ್ಟು, ಓರೆ ಪಟ್ಟಿ, ಕಂಬಕ್ಕೆ ಫ್ಯಾಬ್ರಿಕೇಟರ್ ಸಾಕು. ಸ್ಲ್ಯಾಬು, ಬೀಮು, ಪಿಲ್ಲರಿಗೆ ಸಂಬಂಧಿಸಿದ್ದಾದರೆ ಎಂಜಿನಿಯರ್ ಬೇಕು. ನಮ್ಮಲ್ಲಿ ಮನೆಯ ಕೋಣೆಗಳ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಅದರ ಕೆಳಗೆ ಅಟ್ಟ ನೇತು ಹಾಕಿದರೆ ಮೇಲಿನ ಕೋಣೆಯ ಮಂಚ, ಬೀರುಗಳ ಜೊತೆ ಇದೂ ಅದೇ ಲೆಕ್ಕಕ್ಕೆ ಸೇರುತ್ತದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಆದರೆ ಕೇಳದೆ ಡ್ರಿಲ್ ಹಚ್ಚಲೇಬೇಡಿ. ಕೆಲವು ಕಟ್ಟಡಗಳ ಸ್ಲ್ಯಾಬಿನಲ್ಲಿ ಬಿಗಿಯಾಗಿ ಎಳೆದ ಉಕ್ಕಿನ ಕೇಬಲ್ಲುಗಳಿರುತ್ತವೆ. ಒಂದು ಕಡಿದರೂ ಡ್ರಿಲ್ ಹಿಡಿದವರ ಜೀವಕ್ಕೇ ಅಪಾಯ.

ಎಂಜಿನಿಯರ್‌ಗೆ ತೂಕದ ಪಟ್ಟಿ, ನೂಲಿನ ಅಳತೆ, ಬಿರುಕಿನ ತಾರೀಖು ಕೊಡಿ. ಫ್ಯಾಬ್ರಿಕೇಟರ್ ಹತ್ತಿರ ಮೂರು ವಿಷಯ ಮೊದಲೇ ಬರೆಸಿಕೊಳ್ಳಿ: ಪೈಪಿನ ದಪ್ಪ ಎಷ್ಟು ಮಿ.ಮೀ., ಬೋಲ್ಟು ಪ್ಲಾಸ್ಟರ್ ಬಿಟ್ಟು ಎಷ್ಟು ಆಳ ಹೋಗುತ್ತದೆ, ಒಟ್ಟು ಎಷ್ಟು ಕೆಜಿ ಇಡಬಹುದು. ಆ ಕೊನೆಯ ಸಂಖ್ಯೆಯನ್ನು ಅಟ್ಟದ ಅಂಚಿಗೇ ದಪ್ಪ ಅಕ್ಷರದಲ್ಲಿ ಪೇಂಟ್ ಮಾಡಿಸಿ, ಮನೆಯವರೆಲ್ಲರಿಗೂ ಕಾಣಲಿ.

ವೆಲ್ಡಿಂಗ್ ದಿನ ಕಾರು ರಸ್ತೆಯಲ್ಲಿರಲಿ, ರಟ್ಟು, ಬಟ್ಟೆ, ಪೇಂಟಿನ ಡಬ್ಬ ಎಲ್ಲ ಹೊರಗಿರಲಿ, ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಕೆಲಸ ಮುಗಿದು ಅವರು ಹೊರಟ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು ಮೂಲೆಗಳನ್ನು ನೋಡಿ. ಕಿಡಿ ಬಿದ್ದ ಕಸ ಹೊತ್ತಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ.